32 ಎಲೆಗಳ ಜಲಸಮಾಧಿ

ಈ ದಿನ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಾಲ್ಕನಿಗೆ ಹೋದವಳು, ಅಲ್ಲಿಟ್ಟಿದ್ದ ಮಿಠಾಯಿ ಡಬ್ಬಿಯೊಳಗೆ ನನ್ನ 32 ಎಲೆಗಳು ತೇಲುತ್ತಿರುವುದನ್ನು ಕಂಡು ನಿಂತಲ್ಲಿಯೇ ನಿಂತುಬಿಟ್ಟೆ. ತೇಲುತ್ತಿದ್ದವು ಎಂಬುದು ಅಲಂಕಾರದ ಮಾತಲ್ಲ. ಒಂದು ಕಿಲೋ ಮೈಸೂರು ಪಾಕ್ ಹಿಡಿಸುವ ಆ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಕಾದ ದಬ್ಬಳದಿಂದ ನಾನೇ ತೂತುಗಳನ್ನು ಕೊರೆದಿದ್ದೆ. ಆದರೆ ಒಳಹರಿವು ಹೊರಹರಿವನ್ನು ಮೀರಿದ ಮೇಲೆ ತೂತುಗಳಾದರೂ ಏನು ಮಾಡಿಯಾವು? ನಾಲ್ಕೈದು ಎಲೆಗಳು ಆಗಲೇ ಬೆಂದ ಈರುಳ್ಳಿಯಂತೆ ಪಾರದರ್ಶಕವಾಗಿದ್ದವು. ಒಂದನ್ನು ಮುಟ್ಟಿದರೆ ಅದು ಬೆರಳಿಗೆ ಲೋಳೆಯಾಗಿ ಅಂಟಿತು.

ಇವು ಕಳೆದ ದಸರೆಯಲ್ಲಿ ಕುಪ್ಪಣ್ಣ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬರುವಾಗ 150 ರೂಪಾಯಿ ಕೊಟ್ಟು ತಂದ ಎಚೆವೇರಿಯಾ ಗಿಡದ ಎಲೆಗಳು. ತಂದಾಗ ಕಲ್ಲಿನಲ್ಲಿ ಕಡೆದ ತಾವರೆಯಂತಿದ್ದ ಆ ಸಕ್ಯುಲೆಂಟ್, ಅಂದರೆ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ, ಮೈಸೂರಿನ ಮಳೆಗಾಲದ ಮಂಕು ಬೆಳಕಿನಲ್ಲಿ ಬಿಸಿಲನ್ನು ಹುಡುಕುತ್ತ ಕತ್ತು ಉದ್ದ ಮಾಡಿಕೊಂಡು, ಬಸ್ಸಿಗೆ ಕಾಯುವವರಂತೆ ಒಂದೇ ಕಡೆಗೆ ವಾಲಿಕೊಂಡಿತ್ತು. ಹೀಗಾದಾಗ ತಲೆಯನ್ನು ಕತ್ತರಿಸಿ ಬೇರೆ ನೆಡಬೇಕು, ಕಾಂಡದ ಎಲೆಗಳಿಂದ ಮರಿಗಳನ್ನು ಮಾಡಿಕೊಳ್ಳಬೇಕು ಎಂಬುದು ಬಲ್ಲವರ ಮಾತು. ಅದರಂತೆಯೇ ಮಾಡಿದೆ.

ಎಲೆಯಿಂದ ಗಿಡ ಮಾಡುವ ಕ್ರಮ ಕೇಳುವುದಕ್ಕೆ ಬಹಳ ಸುಲಭ. ಎಲೆಯನ್ನು ಎರಡು ಬೆರಳುಗಳ ನಡುವೆ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಮೆಲ್ಲಗೆ ಅಲುಗಿಸಿ, ಬುಡಸಮೇತ ಕಳಚಬೇಕು. ಬುಡದ ಚೂರು ಕಾಂಡದಲ್ಲಿಯೇ ಉಳಿದರೆ ಬೇರು ಬಂದರೂ ಮರಿ ಬರುವುದು ಕಷ್ಟ. ಮೂರು ನಾಲ್ಕು ದಿನ ನೆರಳಿನಲ್ಲಿ ಬಿಟ್ಟರೆ ಗಾಯ ಮಾಯ್ದು ಹಕ್ಕಳೆ ಕಟ್ಟುತ್ತದೆ. ಆಮೇಲೆ ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿದ ಒಣ ಮಣ್ಣಿನ ಮೇಲೆ ಅದನ್ನು ಮಲಗಿಸಿ ಸುಮ್ಮನಿರಬೇಕು. ಎರಡು ಮೂರು ವಾರಗಳಲ್ಲಿ ಬುಡದಿಂದ ನಸುಗೆಂಪಾದ ಬೇರಿನ ಎಳೆಗಳು ಇಣುಕಿ, ಅವುಗಳ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಮರಿ ಕಾಣಿಸಿಕೊಳ್ಳುತ್ತದೆ. ತಾಯಿ ಎಲೆಯು ತನ್ನ ಮೈಯ ನೀರನ್ನೆಲ್ಲ ಮರಿಗೆ ಕುಡಿಸಿ ಒಣದ್ರಾಕ್ಷಿಯಂತೆ ಸುಕ್ಕಾಗುತ್ತದೆ. ಬೇರು ಬರುವ ಮೊದಲೇ ನೀರು ಸುರಿದರೆ ಎಲೆ ಕೊಳೆಯುತ್ತದೆ. ಇಷ್ಟರಲ್ಲಿ ನನಗೆ ಸಾಧ್ಯವಾಗದೆ ಹೋದದ್ದು ಸುಮ್ಮನಿರುವುದೊಂದೇ, ಅದೂ ನನ್ನಿಂದಲ್ಲ, ನಮ್ಮ ಮಾವನವರಿಂದ.

ನಮ್ಮ ಮಾವನವರು ಮದ್ದೂರು ತಾಲ್ಲೂಕಿನ ಕೊನೆ ಭಾಗದ ರೈತರು. ಕೊನೆ ಭಾಗವೆಂದರೆ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲಿನ ಊರುಗಳವರ ಗದ್ದೆಗಳನ್ನೆಲ್ಲ ತಣಿಸಿ, ಉಳಿದರೆ ಮಾತ್ರ ತಲುಪುವ ಜಾಗ. ಭತ್ತ, ಕಬ್ಬು ಬಿಟ್ಟು ಬೇರೇನನ್ನೂ ಬೆಳೆದವರಲ್ಲ. ಎರಡು ವರ್ಷಗಳಿಂದ ಕುವೆಂಪುನಗರದ ನಮ್ಮ ಮನೆಯಲ್ಲಿದ್ದಾರೆ. ಪ್ರತಿದಿನ ಪತ್ರಿಕೆ ಬಂದೊಡನೆ ಅವರು ಮೊದಲು ನೋಡುವುದು ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ ಎಂಬುದು ಅವರಿಗೆ ಮಕ್ಕಳ ಜನ್ಮನಕ್ಷತ್ರಕ್ಕಿಂತ ಚೆನ್ನಾಗಿ ನೆನಪಿದೆ. ಪತ್ರಿಕೆಯಲ್ಲಿ ಮಟ್ಟ ಏರಿದ ದಿನ ನನ್ನ ಡಬ್ಬಿಯಲ್ಲಿಯೂ ಏರುತ್ತದೆ. “ಕನ್ನಂಬಾಡಿ ತುಂಬ್ತಾ ಅದೆ ಕಣವ್ವ, ನೀನ್ಯಾಕೆ ಹಿಂಗೆ ಹಿಡಿದು ಹಿಡಿದು ಹಾಕ್ತೀಯ?” ಎಂದು ಅವರು ಕೇಳುವಾಗ, ಕಟ್ಟೆಯ ಕೀಲಿಕೈ ನನ್ನ ಸೊಂಟದಲ್ಲಿಯೇ ಇದೆಯೇನೋ ಎಂದು ನನಗೇ ಅನುಮಾನವಾಗುತ್ತದೆ.

ಮಾವನವರ ಕೈಯಲ್ಲಿ ನೀರೆಂಬುದು ವ್ಯರ್ಥವಾಗಿ ಹೋಗುವಂತಿಲ್ಲ. ಅಕ್ಕಚ್ಚು, ಬೇಳೆ ತೊಳೆದ ನೀರು, ಲೋಟ ಅಲುಬಿದ ನೀರು, ರಾತ್ರಿ ತಾಮ್ರದ ಚೊಂಬಿನಲ್ಲಿ ಉಳಿದ ನೀರು, ಎಲ್ಲವೂ ಬಾಲ್ಕನಿಗೆ. ದೊಡ್ಡಪತ್ರೆಯೂ ತುಳಸಿಯೂ ಇದರಿಂದ ಕೊಬ್ಬಿವೆ, ಇಲ್ಲವೆನ್ನುವುದಿಲ್ಲ. ಆದರೆ ಮೆಕ್ಸಿಕೋದ ಒಣ ಬೆಟ್ಟಗಳಿಂದ ಬಂದ ಗಿಡಕ್ಕೆ ಅಕ್ಕಚ್ಚಿನ ರುಚಿ ಹತ್ತುವುದಿಲ್ಲವೆಂದು ಅವರಿಗೆ ತಿಳಿಸುವುದು ಹೇಗೆ? ಎಚೆವೇರಿಯಾ ಎಂಬುದು ಮೆಕ್ಸಿಕೋದ ಒಬ್ಬ ಸಸ್ಯಚಿತ್ರಕಾರನ ಹೆಸರು, 1828ರಲ್ಲಿ ಅದನ್ನು ಈ ಗಿಡದ ಕುಲಕ್ಕೆ ಇಟ್ಟರು ಎಂದು ಒಮ್ಮೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಅಂಗಾದ್ರೆ ನಿನ್ನ ಎಲೆಕೋಸಿಗೆ ಇವತ್ತು ನೀರು ಆಯ್ತಾ?” ಎಂದರು.

ಕೊನೆಗೆ ಒಂದು ರಟ್ಟಿನ ಮೇಲೆ “ದಯವಿಟ್ಟು ನೀರು ಹಾಕಬಾರದು” ಎಂದು ದಪ್ಪಕ್ಷರಗಳಲ್ಲಿ ಬರೆದು ಡಬ್ಬಿಗೆ ಒರಗಿಸಿಟ್ಟೆ. ಮಾರನೆಯ ದಿನ ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದಂತೆಯೇ ಮಾವನವರು ಚೊಂಬಿನೊಡನೆ ಬಂದರು. ಕನ್ನಡಕ ಸರಿಪಡಿಸಿಕೊಂಡು ರಟ್ಟನ್ನು ಎರಡು ಸಲ ಓದಿದರು. ಅಕ್ಷರ ನೆನೆಯಬಾರದೆಂದು ಅದನ್ನು ಜೋಪಾನವಾಗಿ ಎತ್ತಿ, ಗೋಡೆಯ ಬದಿಗೆ ಇಟ್ಟರು. ನೀರು ಹಾಕಿದರು. ಅಂಗೈಯಿಂದ ಡಬ್ಬಿಯ ಅಂಚನ್ನು ಒರೆಸಿ, ರಟ್ಟನ್ನು ಮೊದಲಿದ್ದ ಜಾಗದಲ್ಲಿಯೇ, ಮೊದಲಿದ್ದ ಓರೆಯಲ್ಲಿಯೇ ಒರಗಿಸಿ ಒಳಗೆ ಹೋದರು. ಕೇಳಿದ್ದಕ್ಕೆ, “ವಸಿ ಬುಟ್ಟೆ ಕಣವ್ವ, ಪಾಪ, ಬಾಯಾರ್ಕೊಂಡಿದ್ವು” ಎಂಬ ಉತ್ತರ ಬಂತು. ಈ ‘ವಸಿ’ ಎಂಬ ಮಂಡ್ಯದ ಅಳತೆಯು ಒಂದು ಹನಿಯಿಂದ ಒಂದು ಚೊಂಬಿನವರೆಗೆ ಎಷ್ಟು ಬೇಕಾದರೂ ಆಗಬಹುದು.

ವಾದಕ್ಕಿಳಿದು ನಾನು ಇನ್ನಷ್ಟು ಕೆಟ್ಟೆ. ನಮ್ಮ ಮುಂಬಾಗಿಲ ಮೇಲೆ ದೃಷ್ಟಿಗೆಂದು ತಲೆಕೆಳಗಾಗಿ ಕಟ್ಟಿರುವ ಲೋಳೆಸರವನ್ನು ತೋರಿಸಿ, “ಮಾವ, ಅದಕ್ಕೆ ಮಣ್ಣೂ ಇಲ್ಲ, ನೀರೂ ಇಲ್ಲ, ಆದರೂ ಹಸಿರಾಗಿದೆ ನೋಡಿ, ಇವೂ ಅದರಂತೆಯೇ” ಎಂದೆ. ಅವರು ಬಹಳ ಹೊತ್ತು ಮೇಲೆ ನೋಡಿದರು. ಮರುದಿನ ಹಾಲಿನವನು ಬಾಗಿಲಲ್ಲಿ ನಿಂತು ಒಮ್ಮೆ ಆಕಾಶವನ್ನು ನೋಡುತ್ತ, ಒಮ್ಮೆ ತನ್ನ ನೆನೆದ ತಲೆಯನ್ನು ಮುಟ್ಟಿಕೊಳ್ಳುತ್ತ ಗಾಬರಿಯಾಗಿದ್ದಾಗಲೇ, ಇಷ್ಟು ದಿನ ಮಾವನವರ ಗಮನಕ್ಕೆ ಬಾರದೆ ಉಳಿದಿದ್ದ ಏಕೈಕ ಗಿಡವನ್ನು ನಾನೇ ತೋರಿಸಿಕೊಟ್ಟಂತಾಯಿತೆಂದು ಹೊಳೆದದ್ದು.

ಮತ್ತೊಂದು ಸಲ ವಿಜ್ಞಾನದ ಮೊರೆಹೋದೆ. ಈ ಜಾತಿಯ ಗಿಡಗಳು ಬಿಸಿಲಿಗೆ ನೀರು ಆರಿಹೋಗದಿರಲೆಂದು ಎಲೆಯ ಸಣ್ಣ ರಂಧ್ರಗಳನ್ನು ಹಗಲೆಲ್ಲ ಮುಚ್ಚಿಕೊಂಡಿದ್ದು, ರಾತ್ರಿಯ ತಂಪಿನಲ್ಲಿ ತೆರೆದು ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ, ಅಷ್ಟು ಜಿಪುಣ ಗಿಡಗಳಿಗೆ ನಿಮ್ಮ ಉದಾರತನ ಒಗ್ಗುವುದಿಲ್ಲ ಎಂದು ಹೇಳಿದೆ. ಮಾವನವರು ತಲೆದೂಗಿದರು. ವಾರಕ್ಕೊಮ್ಮೆ ಎಂಬ ಕರಾರಿನ ಮೇಲೆ ಒಂದು ಇಂಕ್ ಫಿಲ್ಲರನ್ನೂ ಅವರ ಕೈಗೆ ಕೊಟ್ಟೆ. ನಾಲೆಗೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯ ನೀರಿಗಾಗಿ, ಅದನ್ನು ಗದ್ದೆಗಳಿಗೆ ಹಂಚುವ ನೀರಗಂಟಿಯೊಡನೆ ಜೀವಮಾನವಿಡೀ ಜಗಳವಾಡಿದ ಮನುಷ್ಯರು ಈಗ ಸೊಸೆಯೇ ನೀರಗಂಟಿಯಾದದ್ದನ್ನು ಸಹಿಸಿಕೊಂಡರೆಂದೇ ಭಾವಿಸಿದ್ದೆ. ಫಿಲ್ಲರು ಅವರ ಕಿವಿಗೆ ಎಣ್ಣೆ ಬಿಟ್ಟುಕೊಳ್ಳುವುದಕ್ಕೆ ಹೋಯಿತು. ಡಬ್ಬಿಗೆ ನಿನ್ನೆ ಇರುಳು ಎಲ್ಲರೂ ಮಲಗಿದ ಮೇಲೆ ತೂಬು ಎತ್ತಲಾಯಿತು. ಈ ಬೆಳಿಗ್ಗೆ ನಾನು ಕೊಳೆತ ಎಲೆಯನ್ನು ಮುಂದೆ ಹಿಡಿದಾಗ ಬಂದ ಸಮಜಾಯಿಷಿ ಇದು: “ರಾತ್ರಿ ಹೊತ್ತು ಬಾಯಿ ಬುಡ್ತವೆ ಅಂತ ನೀನೇ ಅಂದಲ್ಲವ್ವಾ, ಅದುಕ್ಕೇ ರಾತ್ರಿನೇ ಬುಟ್ಟೆ.”

ಗಂಡನ ಹತ್ತಿರ ಹೇಳಿಕೊಂಡರೆ ಅವರು ಮೊಬೈಲಿನಿಂದ ತಲೆಯೆತ್ತದೆ, “ಮೂವತ್ತು ಎಲೆ ತಾನೇ” ಎಂದರು. ಅವರ ವಿಷಯ ಇಲ್ಲಿಗೆ ಸಾಕು.

ಅತ್ತೆ ಇದ್ದಾಗ ಒಮ್ಮೆ ಹೇಳಿದ್ದರು. 2016ರಲ್ಲಿ, ಕಾವೇರಿ ನೀರು ಕುಡಿಯುವುದಕ್ಕೆ ಮಾತ್ರವೆಂದು ವಿಧಾನಮಂಡಲವೇ ನಿರ್ಣಯ ಮಾಡಿದ ವರ್ಷ, ನಾಟಿಗೆಂದು ಹಾಕಿದ್ದ ಭತ್ತದ ಸಸಿಗಳ ಒಟ್ಲು ಬಿರುಕುಬಿಟ್ಟು ಹಳದಿಯಾದಾಗ, ಮಾವನವರು ದಿನವೂ ಸಂಜೆ ಕೈಪಂಪಿನಿಂದ ಎರಡು ಬಿಂದಿಗೆ ನೀರು ಹೊತ್ತು ಅದರ ಒಂದು ಮೂಲೆಗೆ ಚೆಲ್ಲಿ ಬರುತ್ತಿದ್ದರಂತೆ. ಅದರಿಂದ ಏನೂ ಆಗದೆಂದು ಅವರಿಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು. ಯಾರೂ ಏನೂ ಅನ್ನಲಿಲ್ಲವಂತೆ. ಒಣ ಮಣ್ಣಿನ ಮೇಲೆ ಸಾಲಾಗಿ ಮಲಗಿದ ನನ್ನ ಎಲೆಗಳು ಅವರ ಕಣ್ಣಿಗೆ ಏನಾಗಿ ಕಾಣುತ್ತವೆಯೋ ಎಂದು ಡಬ್ಬಿಯನ್ನು ಬಗ್ಗಿಸಿ ನೀರು ಬಸಿಯುತ್ತಿದ್ದಾಗ ಅನ್ನಿಸಿತು. ಅನ್ನಿಸಿದರೂ ಸಿಟ್ಟೇನೂ ಇಳಿಯಲಿಲ್ಲ, 32 ಎಲೆಗಳೆಂದರೆ 32 ಗಿಡಗಳು.

ಈಗ ಉಳಿದಿರುವುದು ಕತ್ತರಿಸಿಟ್ಟ ಆ ತಲೆಯೊಂದೇ. ಅದನ್ನು ಒಣ ಮರಳಿನ ಬಟ್ಟಲಿನಲ್ಲಿ ಕೂರಿಸಿ, ಪೂರ್ವದ ಕಿಟಕಿಯ ಪಕ್ಕದ ಬೀರುವಿನ ಮೇಲೆ, ಯಾರ ಕೈಗೂ ಎಟುಕದಂತೆ ಇಟ್ಟು ಕೆಲಸಕ್ಕೆ ಹೋಗಿದ್ದೆ. ಸಂಜೆ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಮಾವನವರು ಪತ್ರಿಕೆ ಮಡಿಸಿಟ್ಟು ಕೇಳಿದರು: “ಆ ಸ್ಟೂಲು ಎಲ್ಲಿಟ್ಟಿದ್ದೀಯವ್ವಾ? ಫ್ಯಾನಿನ ಮೇಲೆ ದೂಳು ಕೂತದೆ.”

ಈ ಮಳೆಯಲ್ಲಿ ನಮ್ಮ ಮನೆಯಲ್ಲಿ ಫ್ಯಾನು ಹಾಕಿ ತಿಂಗಳಾಯಿತು.