ನದಿ ಪಕ್ಕ ಸುಮ್ನೆ ನಡೆಯೋಕೆ ಏನ್ ಕೆಲ್ಸ?

ಹೋದ ವರ್ಷ ಸೆಪ್ಟೆಂಬರಲ್ಲಿ ಅವ್ವ ಮ್ಯೂನಿಕ್‌ಗೆ ಬಂದಿದ್ಲು, ಒಂದು ಭಾನುವಾರ ಇಸಾರ್ ನದಿ ಹತ್ರ ಕರ್ಕೊಂಡು ಹೋದೆ. ಫ್ಲೌಖರ್ ಅನ್ನೋ ಕಡೆ ನದಿಗೆ ಅಡ್ಡ ಉದ್ದಕ್ಕೊಂದು ಮರದ ಕಾಲುಸೇತುವೆ ಇದೆ, ಅದರ ನಡುವಿಗೆ ಬರ್ತಿದ್ದಂಗೆ ಅವ್ವ ನಿಂತು "ಚಿಲ್ರೆ ಐತೇನೋ" ಅಂದ್ಲು. ಹರಿಹರದ ಸೇತುವೆ ಮೇಲೆ ಬಸ್ಸಲ್ಲಿ ಎಷ್ಟು ಸಲ ಕೇಳಿದೀನೋ ಈ ಮಾತು. ಎರಡು ಸೆಂಟಿನ ತಾಮ್ರದ ಬಣ್ಣದ ನಾಣ್ಯ ಕೊಟ್ಟೆ, ಹಾಕಿ ಕೈ ಮುಗಿದ್ಲು, ಮುಗಿದೋಳು ಅಲ್ಲಿಂದ ಅಲ್ಲಾಡ್ಲೇ ಇಲ್ಲ, ಕಟಾಂಜನ ಹಿಡ್ಕೊಂಡು ಬಗ್ಗಿ ನೋಡ್ತಾನೇ ಇದ್ಲು. "ಕಾಣ್ತೈತಲ್ಲೋ!" ನಾನೂ ಬಗ್ಗಿದೆ. ಬಿಳೀ ಉರುಟು ಕಲ್ಲುಗಳ ಮಧ್ಯೆ ನಾಣ್ಯ ಮಿಣ್ಣಗೆ ಕೂತಿತ್ತು. ಅರವತ್ತೆಂಟು ವರ್ಷದಲ್ಲಿ ತಾನು ಗಂಗಮ್ಮಗೆ ಹಾಕಿದ ದುಡ್ಡು ಎಲ್ಲಿ ಬಿತ್ತು ಅಂತ ಅವ್ವ ನೋಡಿದ್ದು ಅದೇ ಮೊದ್ಲು.

"ಇಲ್ಲಿ ಪೂಜೆ ಗೀಜೆ ಮಾಡಲ್ವಾ ನದಿಗೆ?" ಅಂತ ಕೇಳಿದ್ಲು. ನಾನು ದೊಡ್ಡ ಬುದ್ಧಿವಂತನ ಥರ "ಮಾಡಲ್ಲ, ಅದಕ್ಕೇ ಕ್ಲೀನಾಗೈತೆ" ಅಂದೆ. ಆಮೇಲೆ ಒಂದು ಮೈಲಿ ದೂರ ಅವ್ವ ಮಾತಾಡ್ಲಿಲ್ಲ.

ದಾರಿ ಅಂದ್ರೆ ಟ್ರೆಕ್ಕೇನಲ್ಲ ಮತ್ತೆ. ಥಾಲ್ಕಿರ್ಶನ್ ಸ್ಟೇಷನ್ನಲ್ಲಿ ಇಳಿದು (ಝೂ ಕೂಡ ಅಲ್ಲೇ ಹತ್ರ) ನೀರು ಹರಿಯೋ ದಿಕ್ಕಿಗೇ ನಡೀತಾ ಹೋದ್ರೆ ನಾಲ್ಕೈದು ಕಿಲೋಮೀಟರಿಗೆ ಡಾಯ್ಚಸ್ ಮ್ಯೂಸಿಯಂ ಸಿಗುತ್ತೆ, ನದಿ ನಡುವಿನ ದ್ವೀಪದ ಮೇಲೆ 1925ರಲ್ಲಿ ತೆರೆದಿದ್ದು. ಏರಿಲ್ಲ ಇಳಿಜಾರಿಲ್ಲ, ಮಂಡಿ ನೋವಿನ ಅವ್ವನೇ ಕೂತು ಎದ್ದು ಪೂರ್ತಿ ನಡೆದ್ಲು. ಥಾಲ್ಕಿರ್ಶನ್‌ನಲ್ಲಿ ಬೇಸಿಗೇಲಿ ಮರದ ದಿಮ್ಮಿ ಕಟ್ಟಿದ ದೊಡ್ಡ ದೊಡ್ಡ ತೆಪ್ಪ ಬಂದು ನಿಲ್ತಾವೆ, ಮೇಲೆ ಬ್ಯಾಂಡ್ ಸೆಟ್ಟು, ಬಿಯರು, ಕುಣಿಯೋ ಜನ, ಅವತ್ತೂ ಒಂದು ಬಂತು, ಅವ್ವ "ದಿಬ್ಬಣ ಬಂತು ನೋಡು" ಅಂದ್ಲು. ಫ್ಲೌಖರ್‌ನಲ್ಲಿ ಜಲ್ಲಿಕಲ್ಲಿನ ದಿಣ್ಣೆ ಮೇಲೆ ಮನೆಮಂದಿಯೆಲ್ಲ ಬಂದು ಇದ್ದಿಲು ಹಚ್ಕೊಂಡು ಏನೇನೋ ಸುಡ್ತಿರ್ತಾರೆ, ಪಕ್ಕದಲ್ಲೇ ಹುಡುಗ್ರು ನೀರಿಗೆ ಬೀಳ್ತಿರ್ತಾವೆ. ಕುಡಿದ ಖಾಲಿ ಬಾಟ್ಲಿನ ಕಸದ ಡಬ್ಬದ ಒಳಗೆ ಹಾಕಲ್ಲ, ಪಕ್ಕದಲ್ಲಿ ನಿಲ್ಲಿಸಿ ಹೋಗ್ತಾರೆ, ಬಿಯರ್ ಬಾಟ್ಲಿ ವಾಪಸ್ ಕೊಟ್ರೆ 8 ಸೆಂಟ್ ಸಿಗುತ್ತಲ್ಲ, ಆರಿಸ್ಕೊಳ್ಳೋ ಮುದುಕ ಡಬ್ಬದೊಳಗೆ ಕೈ ಹಾಕೋ ಹಂಗೆ ಆಗಬಾರದು ಅಂತ.

ಇಲ್ಲಿಗೆ ಬಂದ ಹೊಸದ್ರಲ್ಲಿ ಆಫೀಸಲ್ಲೊಬ್ಬ ಕೇಳಿದ್ದ, ನಿಮ್ಮೂರ ಹತ್ರ ನದಿ ಇದ್ಯಾ, ನೀವು ಎಲ್ಲಿಂದ ಎಲ್ಲಿವರೆಗೆ ನಡೀತೀರಿ ಅಂತ. ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ ತುಂಗಭದ್ರೆ ಹರೀತಾಳೆ, ನಮ್ಮ ದಾವಣಗೆರೆಯ ನಲ್ಲಿಗೂ ರಾಜನಹಳ್ಳಿಯಿಂದ ಪಂಪ್ ಮಾಡಿ ಅದೇ ನೀರು ಬರುತ್ತೆ, ಅದನ್ನ ಕುಡಿದೇ ಬೆಳೆದೋನು ನಾನು, ಅವಳ ಪಕ್ಕ ಒಂದು ಫರ್ಲಾಂಗ್ ನಡೆದಿರ್ಲಿಲ್ಲ. ಬಸ್ಸಿನ ಕಿಟಕೀಲಿ ನೋಡಿದ್ದೆ. ಅಜ್ಜಿ ಅಸ್ಥಿ ಬಿಡೋಕೆ ಹೋಗಿದ್ದೆ. ಅಷ್ಟೇ.

ಆ ಪ್ರಶ್ನೆ ಎಷ್ಟು ಚುಚ್ಚಿತ್ತು ಅಂದ್ರೆ ಮುಂದಿನ ಸಲ ಡಿಸೆಂಬರಲ್ಲಿ ಊರಿಗೆ ಬಂದಾಗ ದೊಡ್ಡಪ್ಪನ ಮಗನ್ನ ಹಿಡ್ಕೊಂಡು ಬೈಕಲ್ಲಿ ಹರಿಹರಕ್ಕೆ ಹೋದೆ. ಪ್ಲಾನ್ ಏನಪ್ಪ ಅಂದ್ರೆ ಹರಿಹರೇಶ್ವರನ ಗುಡಿ ನೋಡಿ, ಸೂಳೆಕೆರೆಯಿಂದ ಬರೋ ಹರಿದ್ರಾ ಹಳ್ಳ ಹೊಳೆಗೆ ಸೇರೋ ಕಡೆವರೆಗೂ ದಡದಲ್ಲೇ ನಡಿಯೋದು. ಗುಡಿ ಬಿಡಿ, ಅದಕ್ಕೆ ಸಾಟಿ ಇಲ್ಲ, ಹೊಯ್ಸಳರ ಪೋಲಾಳ್ವ ದಂಡನಾಯಕ 1224ರಲ್ಲಿ ಕಟ್ಟಿಸಿದ್ದು, ಅರ್ಧ ಹರ ಅರ್ಧ ಹರಿ, ಆ ಕಂಬಗಳ ನುಣುಪಿಗೆ ಕೈ ಇಟ್ರೆ ತೆಗೆಯೋಕೆ ಮನಸ್ಸಾಗಲ್ಲ. ಹೊರಗೆ ಬಂದು ಹೊಳೆ ಮೆಟ್ಲು ಇಳಿದ್ವಿ ನೋಡಿ. ಗಾಜು ಒಡೆದ ದೇವರ ಫೋಟೋಗಳು, ಯಾರೋ ಉಟ್ಟು ಬಿಟ್ಟು ಹೋದ ಒದ್ದೆ ಪಂಚೆ, ಪ್ಲಾಸ್ಟಿಕ್ ಕವರ್ ಸಮೇತ ಎಸೆದ ಹೂವು, ಅಲ್ಲ ಸ್ವಾಮಿ, ಹೂವು ಗಂಗಮ್ಮಗೆ ಸರಿ, ಕವರ್ ಯಾರಿಗೆ? ಮೆಟ್ಲು ಮುಗಿದ ಮೇಲೆ ಪಂಪ್‌ಸೆಟ್ ಪೈಪು, ಅದರಾಚೆ ಆಳೆತ್ತರ ಜಾಲಿ. ಎಮ್ಮೆ ತೊಳೀತಿದ್ದ ಒಬ್ರು ನಮ್ಮನ್ನ ಮೇಲಿಂದ ಕೆಳಗೆ ನೋಡಿ ಕೇಳಿದ್ರು.

"ಸರ್ವೇದೋರೇನ್ರೀ?"

"ಅಲ್ರೀ, ಸುಮ್ನೆ ನಡೀತಿದೀವಿ."

"ಸುಮ್ನೆ ಎಲ್ಲಿಗೆ?"

ಇದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅಣ್ಣ ಬೇರೆ ಅವರ ಕಡೇನೇ ಸೇರ್ಕೊಂಡ, "ಹೊಳಿ ಪಕ್ಕ ನಡಿಯಾಕೆ ಏನ್ ಕೆಲ್ಸ ಐತೋ, ವಾಕಿಂಗಿಗೆ ಕುಂದವಾಡ ಕೆರೆ ಇಲ್ವಾ" ಅಂದ. ಇದೆ, ಚೆನ್ನಾಗೇ ಇದೆ, ಪಕ್ಕದಲ್ಲಿ ಗಾಜಿನ ಮನೆಯೂ ಇದೆ, ಆದ್ರೆ ಅದು ಸುತ್ತೋದು. ಗಾಣದೆತ್ತಿನ ಥರ ಏರಿ ಮೇಲೆ ಸುತ್ತು ಹಾಕಿ, ಮೊಬೈಲಲ್ಲಿ ಹೆಜ್ಜೆ ಲೆಕ್ಕ ನೋಡಿ, ಬೆಣ್ಣೆ ದೋಸೆ ತಿಂದು ಆ ಹೆಜ್ಜೆಯೆಲ್ಲ ವಾಪಸ್ ತುಂಬಿಸ್ಕೊಂಡು ಮನೆಗೆ ಬರೋದು. ನಮಗೆ ನೀರಿನ ಹತ್ರ ಹೋಗೋಕೆ ಒಂದು ಕಾರಣ ಬೇಕು, ಸ್ನಾನ, ಬಟ್ಟೆ, ತಿಥಿ, ಇಲ್ಲಾ ಶುಗರು. ಕೆಲಸ ಮುಗಿದ್ರೆ ಹೊಳೆಗೆ ಬೆನ್ನು. ಯಾರೂ ದಿನಾ ನಡೆಯದ ದಡದಲ್ಲಿ ಕಸ ಬಿದ್ರೆ ಕೇಳೋರು ಯಾರು, ಹಾಕಿದೋರು ತಿರುಗಿ ನೋಡಲ್ಲ, ನೋಡೋರು ಬರಲ್ಲ.

ಇಷ್ಟೆಲ್ಲ ಬೈದ ಮೇಲೆ ಇದನ್ನೂ ಹೇಳ್ಬೇಕಲ್ಲ, ಇಸಾರ್ ಏನು ಹುಟ್ಟಾ ಹಿಂಗಿರ್ಲಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಇವರೇ ಅದಕ್ಕೆ ಗೋಡೆ ಕಟ್ಟಿ ಚಾನಲ್ ಥರ ನೆಟ್ಟಗೆ ಮಾಡಿದ್ರು, ಕರೆಂಟಿಗೆ ಅಂತ ಬಹಳಷ್ಟು ನೀರು ಪಕ್ಕದ ಕಾಲುವೆಗೆ ತಿರುಗಿಸಿದ್ರು, ಈಗಲೂ ತಿರುಗಿಸ್ತಾರೆ. 2000ದಿಂದ 2011ರವರೆಗೆ ಕೂತು ಎಂಟು ಕಿಲೋಮೀಟರ್ ಉದ್ದ ಆ ದಡ ಒಡೆದು, ಐವತ್ತು ಮೀಟರ್ ಇದ್ದ ಪಾತ್ರನ ಕೆಲವು ಕಡೆ ತೊಂಬತ್ತರವರೆಗೆ ಅಗಲ ಮಾಡಿ, ಜಲ್ಲಿ ವಾಪಸ್ ಬಿಟ್ರು. ಮೂರೂವರೆ ಕೋಟಿ ಯೂರೋ. ಅದೂ ವಾಕಿಂಗ್ ಮಾಡೋರ ಮೇಲಿನ ಪ್ರೀತಿಗಲ್ಲ, ನೆರೆ ಭಯಕ್ಕೆ ಮೊದ್ಲು. ಮೇಲಿನ ಊರುಗಳ ಚರಂಡಿ ನೀರನ್ನ ಶುದ್ಧ ಮಾಡಿದ ಮೇಲೂ ಬೇಸಿಗೇಲಿ ರೋಗಾಣು ಸಾಯ್ಲಿ ಅಂತ ಯುವಿ ಲೈಟ್ ಹಾಯಿಸಿ ಬಿಡ್ತಾರೆ, ಅದಕ್ಕೇ ಹುಡುಗ್ರು ಧೈರ್ಯವಾಗಿ ಬೀಳೋದು. ಪೂಜೆ ಇಲ್ಲ ಅದಕ್ಕೆ ಕ್ಲೀನು ಅಂದಿದ್ನಲ್ಲ ನಾನು, ಅದು ಸುಳ್ಳು. ಅವ್ವಗೆ ಇನ್ನೂ ಹೇಳಿಲ್ಲ. ನಮ್ಮ ಹೊಳೆ ಮಳೆಗಾಲದಲ್ಲಿ ಬಂದ್ರೆ ದಡದ ದಾರಿ ಯಾವುದೂ ಉಳಿಯಲ್ಲ, ಬೇಸಿಗೇಲಿ ಭದ್ರೆ ನೀರು ನಾಲೆ ಹಿಡಿದು ನಮ್ಮ ಕಡೆಯೋರ ಗದ್ದೆಗೇ ಬರುತ್ತೆ, ಆ ಅಕ್ಕಿ ತಿಂದು ಹೊಳೇಲಿ ನೀರಿಲ್ಲ ಅಂದ್ರೆ ಹೆಂಗೆ.

ಇನ್ನೊಂದು ವಿಷಯ ಮುಚ್ಚಿಟ್ಟೆ. ಅವತ್ತು ಎಮ್ಮೆಯವರು ಸುಮ್ನೆ ಕಳಿಸಿರ್ಲಿಲ್ಲ, "ಆ ಜಾಲಿ ಬಗಲಿಗೆ ಹೋಗ್ರಿ, ಎಮ್ಮೆ ದಾರಿ ಐತೆ, ದಡದಾಗೇ ಹೋಕ್ಕೈತೆ" ಅಂದಿದ್ರು. ಸಗಣಿ ಕೆಸರು ನೋಡಿ ವಾಪಸ್ ಬಂದೋನು ನಾನೇ, ಕಾಲಲ್ಲಿ ಇಲ್ಲಿಂದ ತಂದ ಬಿಳೀ ಶೂ. ಆರು ವರ್ಷದಿಂದ ಇಸಾರ್ ಪಕ್ಕ ನಡೀತಿದೀನಿ, ಎಲ್ಲಿಗೆ ಅಂತ ಒಬ್ಬರೂ ಕೇಳಿಲ್ಲ.

ಈ ಡಿಸೆಂಬರಿಗೆ ಟಿಕೆಟ್ ಆಗಿದೆ. ಅಣ್ಣಂಗೆ ಫೋನ್ ಮಾಡಿ ಮತ್ತೆ ಹರಿಹರ ಅಂದೆ. ಒಂದು ನಿಮಿಷ ನಕ್ಕು, "ಬಾ, ಹಳೇ ಚಪ್ಪಲಿ ಹಾಕ್ಕೊಂಡು ಬಾ" ಅಂದ.