ಮುದಿ ಕೋಶದ ಸೀರಮ್ಮೂ ವಿಜಯಪುರದ ಬಿಸಿಲೂ

ನಮ್ಮ ಕಡೆಯ ಮೆಡಿಕಲ್ ಅಂಗಡಿಗಳಿಗೆ ಈಗ ಹೊಸದೊಂದು ಮಾತು ಬಂದಿದೆ. ಜೋಂಬಿ ಸೆಲ್! ಕಂಪನಿ ಕಡೆಯ ಹುಡುಗರು ಮುಖಕ್ಕೆ ಹಚ್ಚುವ ಸೀರಮ್ಮಿನ ಸಣ್ಣದೊಂದು ಬಾಟಲಿ ಹಿಡಿದು ಬರುತ್ತಾರೆ. ಬೆಲೆ ಸಾವಿರದ ಮೇಲೆ. "ಅಣ್ಣಾರ, ಚರ್ಮದಾಗಿನ ಜೋಂಬಿ ಸೆಲ್ ಎಲ್ಲಾ ಕ್ಲೀನ್ ಮಾಡ್ತದ ನೋಡ್ರಿ. ಹತ್ತು ವರ್ಷ ಸಣ್ಣಾವ್ರಾಗಿ ಕಾಣ್ತಾರ" ಅನ್ನುತ್ತಾರೆ. ಮಾರ್ಜಿನ್ನೂ ಚೆನ್ನಾಗಿ ಬಿಡುತ್ತಾರೆ. ಆದರೂ ನಾನು ಅದನ್ನು ಅಂಗಡಿಯಲ್ಲಿ ಇಟ್ಟಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಕೌಂಟರಿನಲ್ಲಿ ನಿಂತು ಪೂರ್ತಿ ಹೇಳಲು ಆಗುವುದಿಲ್ಲ, ಹಿಂದೆ ಚೀಟಿ ಹಿಡಿದು ಜನ ಕಾಯುತ್ತಿರುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ಅವರು ಜೋಂಬಿ ಸೆಲ್ ಅನ್ನುವುದು ಮುದಿ ಕೋಶಕ್ಕೆ, ಅದು ಇರುವುದು ನಿಜ. ಅದರ ಹಿಂದೆ ಅರವತ್ತು ವರ್ಷಕ್ಕೂ ಮೀರಿದ ವಿಜ್ಞಾನವಿದೆ. ಅದಕ್ಕೂ ಮುಂಚೆ, ಕೋಶಗಳನ್ನು ದೇಹದಿಂದ ಹೊರಗೆ ತೆಗೆದು ಸಾಕಿದರೆ ಅವು ಕೊನೆಯೇ ಇಲ್ಲದಂತೆ ಒಡೆದು ಎರಡಾಗುತ್ತಲೇ ಇರುತ್ತವೆ ಅಂತ ನಂಬಿದ್ದರು. ನೊಬೆಲ್ ಪಡೆದ ಅಲೆಕ್ಸಿಸ್ ಕ್ಯಾರೆಲ್ ಹಾಗೆ ಹೇಳಿದ್ದರು. ಅಷ್ಟು ದೊಡ್ಡವರು ಹೇಳಿದ ಮೇಲೆ ಎದುರಾಡುವವರು ಯಾರು? 1961ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಿಯೊನಾರ್ಡ್ ಹೇಫ್ಲಿಕ್, ಪಾಲ್ ಮೂರ್‌ಹೆಡ್ ಅನ್ನುವ ಇಬ್ಬರು ಬೇರೆಯದನ್ನೇ ಕಂಡರು. ಮನುಷ್ಯನ ಕೋಶ ಸುಮಾರು 50 ಸಲ ಒಡೆಯುತ್ತದೆ, ಆಮೇಲೆ ನಿಂತುಬಿಡುತ್ತದೆ. ಸಾಯುವುದಿಲ್ಲ. ಬದುಕಿಯೇ ಇರುತ್ತದೆ, ಆದರೆ ಮತ್ತೆ ಒಡೆಯುವುದಿಲ್ಲ. ಇದೇ ಮುದಿ ಕೋಶ.

ಪ್ರತಿ ಸಲ ಒಡೆಯುವಾಗ, ಕೋಶದೊಳಗೆ ಡಿಎನ್‌ಎ ಸುತ್ತಿಟ್ಟಿರುವ ಕ್ರೋಮೋಸೋಮಿನ ತುದಿ ಒಂಚೂರು ಸವೆಯುತ್ತದೆ. ತೀರಾ ಗಿಡ್ಡ ಆದಾಗ ಕೋಶ ತಾನಾಗಿಯೇ ಬ್ರೇಕ್ ಹಾಕುತ್ತದೆ. ಈ ತುದಿಗಳ ಮೇಲಿನ ಕೆಲಸಕ್ಕೇ 2009ರಲ್ಲಿ ಮೂವರಿಗೆ ನೊಬೆಲ್ ಬಂತು. ಆದರೆ ತುದಿ ಸವೆಯುವವರೆಗೂ ಕಾಯಬೇಕಂತಿಲ್ಲ. ಬಿಸಿಲು, ಬೀಡಿ-ಸಿಗರೇಟಿನ ಹೊಗೆ, ಎಕ್ಸ್‌ರೇಯಂಥ ಕಿರಣ, ಯಾವುದಾದರೂ ಡಿಎನ್‌ಎಗೆ ಜೋರು ಪೆಟ್ಟು ಕೊಟ್ಟರೆ ಎಳೆಯ ಕೋಶವೂ ಹೀಗೆ ಮುದಿಯಾಗಬಹುದು. ಈ ಮಾತನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತದೆ.

1995ರಲ್ಲಿ ಅಮೆರಿಕದ ವಿಜ್ಞಾನಿ ಜೂಡಿತ್ ಕ್ಯಾಂಪಿಸಿ ಮತ್ತು ಅವರ ಜೊತೆಗಾರರು ಇಂಥ ಕೋಶಗಳಿಗೆ ನೀಲಿ ಬಣ್ಣ ಹಿಡಿಯುವ ಪರೀಕ್ಷೆಯೊಂದನ್ನು ತಂದರು. ಅದನ್ನು ಬೇರೆ ಬೇರೆ ವಯಸ್ಸಿನವರ ಚರ್ಮದ ಚೂರಿನ ಮೇಲೆ ಮಾಡಿದಾಗ, ವಯಸ್ಸಾದವರ ಚರ್ಮದಲ್ಲಿ ನೀಲಿ ಜಾಸ್ತಿ ಕಂಡಿತು. ಮುದಿ ಕೋಶಗಳು ಸುಮ್ನೆ ಕೂತಿರುವುದಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ಉರಿಯೂತ ಎಬ್ಬಿಸುವ ಪದಾರ್ಥಗಳನ್ನು ಸುತ್ತಲೂ ಕಾರುತ್ತವೆ. ಅದರ ಜೊತೆಗೆ ಕೊಲಾಜೆನ್ ಕತ್ತರಿಸುವ ಕಿಣ್ವಗಳನ್ನೂ ಬಿಡುತ್ತವೆ. ಚರ್ಮ ಬಿಗಿಯಾಗಿ ನಿಲ್ಲುವುದೇ ಕೊಲಾಜೆನ್ನಿನಿಂದ. ಅದನ್ನು ನೇಯುವ ಕೋಶವೇ ಮುದಿಯಾದಾಗ ನೇಯುವುದನ್ನು ಕಡಿಮೆ ಮಾಡಿ, ಇದ್ದದ್ದನ್ನೂ ಕಡಿಯಲು ಶುರು ಮಾಡುತ್ತದೆ. ಪಕ್ಕದ ಒಳ್ಳೆಯ ಕೋಶಕ್ಕೂ ರೋಗ ಅಂಟಿಸುತ್ತದೆ. ಉಳ್ಳಾಗಡ್ಡಿ ರಾಶಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಡುವೆ ಒಂದು ಕೊಳೆತರೆ ಸುತ್ತಲಿನವಕ್ಕೂ ಗತಿ ಅದೇ. ಹಾಗಾಗಿ ಇಡೀ ಚರ್ಮದಲ್ಲಿ ಮುದಿ ಕೋಶ ಕೆಲವೇ ಇದ್ದರೂ ಹಾನಿ ದೊಡ್ಡದು.

ಹಾಗಾದರೆ ಹುಡುಕಿ ಹುಡುಕಿ ಕೊಂದರಾಯಿತು, ಅಲ್ವಾ? ಸೀರಮ್ ಮಾರುವವರ ಲೆಕ್ಕ ಇಷ್ಟೇ. ಆದರೆ ದೇಹ ಈ ವ್ಯವಸ್ಥೆಯನ್ನು ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ಡಿಎನ್‌ಎ ಕೆಟ್ಟ ಕೋಶ ಒಡೆಯುತ್ತಲೇ ಹೋದರೆ ಅದು ಕ್ಯಾನ್ಸರಿನ ದಾರಿ. ಅಲ್ಲಿ ಬ್ರೇಕ್ ಹಾಕುವುದೇ ಇದು. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ ಆಯಿತು. ಗಾಯವಾದ ಜಾಗದಲ್ಲಿ ಈ ಕೋಶಗಳು ಸ್ವಲ್ಪ ಹೊತ್ತಿಗೆ ಹುಟ್ಟಿಕೊಂಡು, ಗಾಯ ಮಾಯಲು ಬೇಕಾದ ಪದಾರ್ಥ ಬಿಟ್ಟು ಹೋಗುತ್ತವೆ. 2014ರಲ್ಲಿ ಇಲಿಗಳಲ್ಲಿ ಅವನ್ನು ತೆಗೆದು ನೋಡಿದರು, ಗಾಯ ಮಾಯುವುದು ತಡವಾಯಿತು. ಬಂದು, ಕೆಲಸ ಮುಗಿಸಿ ಹೋದರೆ ಉಪಕಾರ. ಹೋಗದೆ ಠಿಕಾಣಿ ಹೂಡಿದರೆ ತೊಂದರೆ. ವಯಸ್ಸಾದಂತೆ ನಮ್ಮ ರೋಗನಿರೋಧಕ ವ್ಯವಸ್ಥೆ ಇವನ್ನು ಹೊರಹಾಕುವುದರಲ್ಲಿ ನಿಧಾನವಾಗುತ್ತದೆ.

ಔಷಧಿಯ ಕಡೆಯೂ ಕೆಲಸ ನಡೆದಿದೆ. 2011ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು, ಬೇಗ ಮುಪ್ಪಾಗುವ ತಳಿಯ ಇಲಿಗಳಲ್ಲಿ ಮುದಿ ಕೋಶ ತೆಗೆದರೆ ಮುಪ್ಪಿನ ಕೆಲವು ತೊಂದರೆಗಳು ತಡವಾಗುತ್ತವೆ ಅಂತ ತೋರಿಸಿದರು. 2015ರಲ್ಲಿ ಮುದಿ ಕೋಶ ಕೊಲ್ಲುವ ಎರಡು ಪದಾರ್ಥಗಳ ಜೋಡಿ ಬಂತು, ಡಸಾಟಿನಿಬ್ ಮತ್ತು ಕ್ವೆರ್ಸಿಟಿನ್. ಡಸಾಟಿನಿಬ್ ರಕ್ತದ ಕ್ಯಾನ್ಸರಿನ ಮಾತ್ರೆ. ರಕ್ತಕಣ ಇಳಿಸುತ್ತದೆ, ಶ್ವಾಸಕೋಶದ ಸುತ್ತ ನೀರು ತುಂಬಿಸಬಹುದು. ಕೆನ್ನೆಯ ಸುಕ್ಕಿಗೆ ಯಾರೂ ಮುಟ್ಟಬಾರದ ಔಷಧಿ. ಕ್ವೆರ್ಸಿಟಿನ್ ಇರುವುದು ಎಲ್ಲಿ ಗೊತ್ತಾ? ಉಳ್ಳಾಗಡ್ಡಿಯಲ್ಲಿ! ತಿಂದ ಮಾತ್ರಕ್ಕೆ ಕೆಲಸ ಮಾಡುವ ಹಾಗಿದ್ದರೆ, ಜೋಳದ ರೊಟ್ಟಿ ಜೊತೆ ದಿನಾ ಹಸಿ ಉಳ್ಳಾಗಡ್ಡಿ ಕಡಿಯುವ ನಮ್ಮ ಜಿಲ್ಲೆಯಲ್ಲಿ ಒಬ್ಬರ ಮುಖದಲ್ಲೂ ಗೆರೆ ಇರಬಾರದಿತ್ತು. ಇಲಿಗೆ ಕೊಟ್ಟ ಔಷಧಿಗೂ ಮುಖಕ್ಕೆ ಹಚ್ಚುವ ಸೀರಮ್ಮಿಗೂ ನಡುವೆ ದೊಡ್ಡ ಹೊಲವೇ ಇದೆ, ಅದನ್ನು ಇನ್ನೂ ಯಾರೂ ಪೂರ್ತಿ ದಾಟಿಲ್ಲ. ದಾಟಿದ ದಿನ ನಾನೇ ಮೊದಲು ತರಿಸುತ್ತೇನೆ.

ಈಗ ಆ ಬಿಸಿಲಿನ ಮಾತಿಗೆ ಬರೋಣ. ನನ್ನ ಜಗಳ ಇರುವುದೇ ಇಲ್ಲಿ. ಮುದಿ ಕೋಶ ಕೊಲ್ಲಲು ಸಾವಿರಾರು ರೂಪಾಯಿ ಕೊಡಲು ತಯಾರಿರುವವರು, ಅದು ಹುಟ್ಟುವ ಜಾಗದಲ್ಲಿ ದಿನಾ ತಲೆ ಒಡ್ಡಿಕೊಂಡು ತಿರುಗುತ್ತಾರೆ. ಏಪ್ರಿಲ್‌ನಲ್ಲಿ ಮಟಮಟ ಮಧ್ಯಾಹ್ನ ಗೋಳಗುಮ್ಮಟದ ಮುಂದೆ ಬರಿತಲೆಯಲ್ಲಿ ಸೆಲ್ಫಿ ತೆಗೆಯುವವರನ್ನು ನೋಡಿದ್ದೀರಲ್ಲ.

ಸೂರ್ಯನ ಅತಿನೇರಳೆ ಕಿರಣದಲ್ಲಿ ಎರಡು ಬಗೆ ನಮ್ಮ ಮೇಲೆ ಬೀಳುತ್ತವೆ. ಯುವಿಬಿ ಮೇಲಿನ ಪದರವನ್ನು ಸುಡುತ್ತದೆ. ಯುವಿಎ ಸುಟ್ಟ ಹಾಗೆ ಅನ್ನಿಸುವುದೇ ಇಲ್ಲ, ಆದರೆ ಕೊಲಾಜೆನ್ ಇರುವ ಆಳಕ್ಕೆ ಇಳಿಯುತ್ತದೆ. ಕಿಟಕಿ ಗಾಜನ್ನೂ ದಾಟುತ್ತದೆ. 2012ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 69 ವಯಸ್ಸಿನ ಟ್ರಕ್ ಡ್ರೈವರ್ ಒಬ್ಬರ ಫೋಟೋ ಬಂದಿತ್ತು. 28 ವರ್ಷ ಗಾಡಿ ಓಡಿಸಿದವರು. ಮುಖದ ಎಡ ಅರ್ಧ ಬಲ ಅರ್ಧಕ್ಕಿಂತ ಎಷ್ಟೋ ಮುದಿಯಾಗಿ ಜೋತು ಬಿದ್ದಿದೆ. ಅಲ್ಲಿ ಡ್ರೈವರ್ ಕೂರುವುದು ಎಡಕ್ಕೆ, ಕಿಟಕಿ ಎಡಕ್ಕೆ. ನಮ್ಮಲ್ಲಿ ಬಲಕ್ಕೆ. ಇಂಡಿ, ಸಿಂದಗಿ ಕಡೆ ಬಸ್ ಓಡಿಸುವ ಡ್ರೈವರ್ ಸಾಹೇಬರ ಬಲಗೈ ಎಡಗೈ ಪಕ್ಕಪಕ್ಕ ಇಟ್ಟು ನೋಡಿ. ಅದೂ ಬೇಡ, ನಿಮ್ಮ ಅಜ್ಜಿಯ ಮುಖದ ಚರ್ಮ ನೋಡಿ, ಆಮೇಲೆ ರಟ್ಟೆಯ ಒಳಭಾಗ ನೋಡಿ. ಎರಡಕ್ಕೂ ವಯಸ್ಸು ಒಂದೇ.

ಸನ್‌ಸ್ಕ್ರೀನ್ ಹಚ್ಚಿದರೆ ಉಪಯೋಗ ಇದೆಯಾ ಅಂದರೆ, ಇದೆ. ಆಸ್ಟ್ರೇಲಿಯಾದ ನ್ಯಾಂಬೂರ್ ಅನ್ನುವ ಊರಿನಲ್ಲಿ 903 ಜನರ ಮೇಲೆ ನಾಲ್ಕೂವರೆ ವರ್ಷ ನೋಡಿದರು. ದಿನಾ ಸನ್‌ಸ್ಕ್ರೀನ್ ಹಚ್ಚಿದವರಲ್ಲಿ, ಮನಸ್ಸಾದಾಗ ಹಚ್ಚಿದವರಿಗಿಂತ ಚರ್ಮದ ಮುಪ್ಪು 24 ಶೇಕಡಾ ಕಡಿಮೆ. ಫಲಿತಾಂಶ ಬಂದದ್ದು 2013ರಲ್ಲಿ. ಆದರೆ ಅದು ಹೆಚ್ಚಾಗಿ ಬಿಳಿಯರ ಊರು. ನಮ್ಮ ಕಪ್ಪು-ಗೋಧಿ ಬಣ್ಣದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಜಾಸ್ತಿ, ಅದು ಒಂದಷ್ಟು ಕಾಪಾಡುತ್ತದೆ, ಸುಕ್ಕು ತಡವಾಗಿ ಬರುತ್ತದೆ. ನಮಗೆ ಮೊದಲು ಬರುವುದು ಬಂಗು, ಕಪ್ಪು ಕಲೆ. ಬಂಗಿಗೆ ಕಣ್ಣಿಗೆ ಕಾಣುವ ಬೆಳಕೂ ಕಾರಣ, ಹಾಗಾಗಿ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಒಳ್ಳೆಯದು. ಕಡಲೆಕಾಳಿನಷ್ಟು ಹಚ್ಚಿ ಬಿಟ್ಟರೆ ಹಚ್ಚಿದ ಹಾಗಲ್ಲ. ಎರಡು ಬೆರಳಿನ ಉದ್ದಕ್ಕೆ ತೆಗೆದು ಮುಖ, ಕುತ್ತಿಗೆಗೆ ಹಚ್ಚಬೇಕು. ಹಾಗೆ ಹಚ್ಚಿದರೆ 50 ಗ್ರಾಂ ಟ್ಯೂಬ್ ತಿಂಗಳು ಬರುವುದೇ ಕಷ್ಟ. ಖರ್ಚಿದೆ, ಸುಳ್ಳು ಹೇಳುವುದಿಲ್ಲ.

ಕೌಂಟರಿನಲ್ಲಿ ಜನ ಕೇಳುವುದೇ ಬೇರೆ. "ಬೆಳ್ಳಗಾಗೋ ಕ್ರೀಮ್ ಕೊಡ್ರಿ ಅಣ್ಣಾರ." ಅದರಲ್ಲಿ ಎಷ್ಟೋ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ನಾಲ್ಕು ದಿನ ಹೊಳಪು, ಆಮೇಲೆ ಚರ್ಮ ತೆಳ್ಳಗೆ, ಕೆಂಪು ನರ, ಮೊಡವೆ, ಮುಖದ ಮೇಲೆ ಕೂದಲು. 2018ರಲ್ಲೇ ಸರ್ಕಾರ ಇಂಥ ಹಲವು ಕ್ರೀಮುಗಳಿಗೆ ಡಾಕ್ಟರ್ ಚೀಟಿ ಬೇಕು ಅಂತ ಮಾಡಿದೆ. ಚೀಟಿ ಕೇಳಿದರೆ ಸಿಟ್ಟಾಗಿ ಹೋಗುತ್ತಾರೆ, ಹೋಗಲಿ. ಇನ್ನೊಂದು ನಮ್ಮದೇ ಮನೆಮದ್ದು, ಲಿಂಬೆರಸ. ಇಂಡಿ ಲಿಂಬೆ ಮನೆಯಲ್ಲೇ ಇರುತ್ತದೆ, ಮುಖಕ್ಕೆ ತಿಕ್ಕಿಕೊಂಡು ಬಿಸಿಲಿಗೆ ಹೋಗುತ್ತಾರೆ. ಲಿಂಬೆಯಲ್ಲಿರುವ ಒಂದು ಪದಾರ್ಥಕ್ಕೆ ಯುವಿಎ ತಾಗಿದರೆ ಸುಟ್ಟ ಗುಳ್ಳೆ ಏಳುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಲಿಂಬೆ ಉಪ್ಪಿನಕಾಯಿಗೆ ಇರಲಿ. ಸುಕ್ಕಿಗೆ ನಿಜವಾಗಿ ಸಾಕ್ಷಿ ಇರುವ ಔಷಧಿ ಬೇಕಂದರೆ ಟ್ರೆಟಿನಾಯಿನ್ ಇದೆ. ಹಳೆಯದು, ಸೀರಮ್ಮಿಗಿಂತ ಅಗ್ಗ. ಚರ್ಮದ ಡಾಕ್ಟರನ್ನು ಕೇಳಿಯೇ ಹಚ್ಚಬೇಕು, ಬಸುರಿಯರು ಮುಟ್ಟಬಾರದು.

ಇನ್ನು, ನನ್ನ ಅಂಗಡಿಗೆ ಇದಕ್ಕೆಲ್ಲ ಬರದೇ ಇರುವವರು. ದ್ರಾಕ್ಷಿ ತೋಟದ ಆಳುಗಳು, ರಸ್ತೆ ಬದಿ ಕಾಯಿಪಲ್ಲೆ ಮಾರುವ ಅವ್ವಂದಿರು. ಬಿಸಿಲು ಅತಿ ಹೆಚ್ಚು ಕುಡಿದ ಚರ್ಮ ಅವರದು. ಹೊಲಕ್ಕೆ ಹೋಗುವ ಹೆಂಗಸರು ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿಕೊಳ್ಳುತ್ತಾರೆ. ದಪ್ಪ ಬಟ್ಟೆ ಸನ್‌ಸ್ಕ್ರೀನಿನ ಹಾಗೆ ಬೆವರಿನಲ್ಲಿ ಕರಗಿ ಹೋಗುವುದಿಲ್ಲ. ಅದನ್ನು ನೋಡಿ ನಗುವ ನಮ್ಮ ಪೇಟೆಯ ಹುಡುಗರು ಅರ್ಧ ತೋಳಿನ ಟೀಶರ್ಟಿನಲ್ಲಿ ಬೈಕ್ ಓಡಿಸುತ್ತಾರೆ.

ಏಪ್ರಿಲ್, ಮೇ ಬಂದರೆ ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ವೇಳೆ ಬದಲಾಗುತ್ತದೆ. ಒಳ್ಳೆಯ ಕೆಲಸ, ತಕರಾರಿಲ್ಲ. ಆದರೆ ಅವರು ಫ್ಯಾನ್ ಕೆಳಗೆ ಕೂರುವವರು. ಬುಟ್ಟಿ ಮುಂದಿಟ್ಟುಕೊಂಡು ಡಾಂಬರ್ ಪಕ್ಕ ಕೂರುವವರಿಗೆ ಯಾವ ಆದೇಶವೂ ಇಲ್ಲ. ಸಂತೆ ಕೂರುವ ಜಾಗಕ್ಕೆ ಮೇಲೆ ಶೀಟ್ ಹಾಕಿಸಿ, ಬಸ್ ನಿಲ್ದಾಣದ ಹೊರಗೆ ನಾಲ್ಕು ಬೇವಿನ ಗಿಡ ನೆಟ್ಟು ನೀರು ಹಾಕಿಸಿ ಅಂತ ಕೇಳುವುದನ್ನು ನಾನು ಚರ್ಮದ ಆರೋಗ್ಯದ ಲೆಕ್ಕದಲ್ಲೇ ಹಿಡಿಯುತ್ತೇನೆ. ನಿಮ್ಮ ವಾರ್ಡಿನ ಮೆಂಬರ್ ಈ ಬರಹ ಓದುವವರಾದರೆ, ಕೆಳಗೆ ಅವರನ್ನು ಟ್ಯಾಗ್ ಮಾಡಿ.