ಮೆಣಸಿನ ಸಸಿಯ ಎಲೆ ಮುದುಡಿದರೆ ಯೂರಿಯಾ ಮದ್ದಲ್ಲ

‘ಮೆಣಸಿನ ಸಸಿಗಳ ಎಲೆ ಮುದುಡುವುದು ಸಾರಜನಕದ ಕೊರತೆಯಿಂದ, ಯೂರಿಯಾ ಕೊಟ್ಟರೆ ಸರಿಹೋಗುತ್ತದೆ’ ಎಂಬ ಸಂದೇಶ ಹಾಸನ, ಅರಕಲಗೂಡು ಕಡೆಯ ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಸರಿಯಲ್ಲ. ಸಾರಜನಕ ಸಾಲದಿದ್ದಾಗ ಬುಡದ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆಯೇ ಹೊರತು ಸುಳಿ ಮುದುಡುವುದಿಲ್ಲ.

ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿಕೊಂಡಿದ್ದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಅಂಚು ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿ, ಎಲೆ ಕಿರಿದಾಗಿದ್ದರೆ ಮೈಟ್ ನುಸಿಯದು. ಇವೆರಡೂ ಬರಿಗಣ್ಣಿಗೆ ಸುಲಭವಾಗಿ ಕಾಣದ ಕಾರಣ, ಸುಳಿಯನ್ನು ಬಿಳಿ ಕಾಗದದ ಮೇಲೆ ಕೊಡವಿ ಭೂತಗನ್ನಡಿಯಲ್ಲಿ ನೋಡುವುದು ಒಳ್ಳೆಯದು. ಮೈಟ್ ಕೀಟವಲ್ಲ, ಜೇಡದ ಕುಲಕ್ಕೆ ಸೇರಿದ್ದು. ಹೀಗಾಗಿ ಅಂಗಡಿಯವರು ಕೊಡುವ ಅನೇಕ ಕೀಟನಾಶಕಗಳಿಗೆ ಅದು ಜಗ್ಗುವುದಿಲ್ಲ. ಅದಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 3 ಗ್ರಾಂನಂತೆ, ಬಿಸಿಲು ಇಳಿದ ಮೇಲೆ ಎಲೆಯ ತಳಭಾಗ ನೆನೆಯುವಂತೆ ಸಿಂಪಡಿಸಬೇಕು. ಥ್ರಿಪ್ಸ್‌ಗೆ ಆರಂಭದಲ್ಲಿ ಬೇವಿನ ಎಣ್ಣೆ ಸಾಕಾಗಬಹುದು, ಆದರೆ ಗಂಧಕದೊಂದಿಗೆ ಬೆರೆಸಿದರೆ ಎಲೆ ಸುಡುತ್ತದೆ.

ಬಿಳಿ ನೊಣ ಹರಡುವ ನಂಜುರೋಗವಾದರೆ ಯಾವ ಔಷಧಿಯೂ ಗುಣಪಡಿಸದು. ಅಂಥ ಸಸಿಯನ್ನು ಕಿತ್ತು ನಾಶಪಡಿಸಬೇಕು. ಯೂರಿಯಾ ಹೆಚ್ಚಾದರಂತೂ ಚಿಗುರು ಮೆತ್ತಗಾಗಿ ರಸ ಹೀರುವ ಕೀಟಗಳಿಗೆ ಇನ್ನಷ್ಟು ಅನುಕೂಲವಾಗುತ್ತದೆ.